ಎಡಕ್ಕೋ ಬಲಕ್ಕೋ: ಚೆಂಡಿನ ಯಂತ್ರದ ಒಳಲೆಕ್ಕ

1988ರಲ್ಲಿ ನಾನು ಐದನೇ ಕ್ಲಾಸು. ಮುಂಬೈಯ ಕನ್ನಡ ಮೀಡಿಯಂ ಶಾಲೆ. ಮೇಷ್ಟ್ರು ನಮ್ಮನ್ನೆಲ್ಲ ಲೋಕಲ್ ಟ್ರೇನಿಗೆ ಹತ್ತಿಸಿ, ದಾದರ್‌ನಲ್ಲಿ ಇಳಿಸಿ, ಎಣಿಸಿ, ಇನ್ನೊಮ್ಮೆ ಎಣಿಸಿ, ಒಂದು ಪೆಂಡಾಲಿನೊಳಗೆ ಕರೆದುಕೊಂಡು ಹೋಗಿದ್ದರು. ವಿಜ್ಞಾನದ ವಸ್ತುಪ್ರದರ್ಶನ. ಅಲ್ಲಿ ಏನೇನಿತ್ತು ಎಂದರೆ ಈಗ ಒಂದೂ ಸರಿಯಾಗಿ ನೆನಪಿಲ್ಲ. ಮೂಲೆಯಲ್ಲಿದ್ದ ಆ ಯಂತ್ರವೊಂದು ಬಿಟ್ಟು.

ಎರಡಾಳು ಎತ್ತರವಿತ್ತು. ಕಬ್ಬಿಣದ ಸರಳು ಬಗ್ಗಿಸಿ ಮಾಡಿದ ಹಳಿಗಳು. ಒಂದು ಚೈನು ಚೆಂಡುಗಳನ್ನು ಒಂದೊಂದಾಗಿ ಮೇಲಕ್ಕೆ ಎತ್ತುತ್ತಿತ್ತು. ತುದಿ ತಲುಪಿದ ಚೆಂಡು ಒಂದು ಕ್ಷಣ ನಿಂತು, ಯೋಚನೆ ಮಾಡಿದ ಹಾಗೆ ಮಾಡಿ, ಉರುಳಲು ಶುರು ಮಾಡುತ್ತಿತ್ತು. ಸುತ್ತಿ, ಬಳಸಿ, ಬುಟ್ಟಿಯಲ್ಲಿ ಬಿದ್ದು, ಗಂಟೆ ಬಾರಿಸಿ, ಕೊನೆಗೆ ಕೆಳಗಿನ ತೊಟ್ಟಿಗೆ ಬಂದು ಠಣ್ ಎಂದು ನಿಲ್ಲುತ್ತಿತ್ತು. ನಡುವೆ ಒಂದು ಕಡೆ ಹಳಿ ಎರಡಾಗಿ ಕವಲೊಡೆಯುತ್ತಿತ್ತು. ನಾವು ಅಲ್ಲೇ ಪಂಥ ಕಟ್ಟಿದೆವು. ಎಡಕ್ಕೋ, ಬಲಕ್ಕೋ? ಪಣ ಒಂದೊಂದು ಪೆಪ್ಪರಮಿಂಟು. ನನ್ನ ಮೂರು ಪೆಪ್ಪರಮಿಂಟು ಐದೇ ನಿಮಿಷದಲ್ಲಿ ಹೋಯಿತು.

ಅದರ ಪಕ್ಕ ಸ್ಟೂಲಿನ ಮೇಲೆ ಒಬ್ಬ ಮನುಷ್ಯ ಕೂತಿದ್ದ. ಕೈಯಲ್ಲಿ ಉದ್ದದ ಬಿದಿರು ಕೋಲು. ಚೆಂಡು ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಎದ್ದು, ಮೆತ್ತಗೆ ತಿವಿದು, ಮತ್ತೆ ಕೂರುತ್ತಿದ್ದ. ಅವನಿಗೆ ಯಂತ್ರದ ಬಗ್ಗೆ ಒಂದಿಷ್ಟೂ ಕುತೂಹಲ ಇದ್ದಂತೆ ಕಾಣಲಿಲ್ಲ. ನನಗೆ ಮಾತ್ರ ಆ ಕೆಲಸ ಸಿಕ್ಕರೆ ಸಾಕು ಅನಿಸಿತ್ತು.

ಆಗ ನಮಗೆ ಗೊತ್ತಿದ್ದ ದೊಡ್ಡ ಯಂತ್ರವೆಂದರೆ ಸ್ಟೇಷನ್ನಿನ ತೂಕದ ಮಿಷನ್ನು. ಬಣ್ಣದ ದೀಪ ಮಿಣುಕುತ್ತೆ, ಚಕ್ರ ತಿರುಗುತ್ತೆ, ನಾಣ್ಯ ಹಾಕಿದರೆ ಒಳಗೆ ಏನೋ ಖಟ್ ಅನ್ನುತ್ತೆ, ರಟ್ಟಿನ ಟಿಕೆಟು ಹೊರಗೆ ಬೀಳುತ್ತೆ. ಒಳಗೇನಾಯಿತು ಅಂತ ಯಾರಿಗೂ ಕಾಣಲ್ಲ. ಚೆಂಡಿನ ಯಂತ್ರ ಇದಕ್ಕೆ ಪೂರ್ತಿ ಉಲ್ಟಾ. ಅದಕ್ಕೆ ಒಳಗೆ ಅನ್ನೋದೇ ಇಲ್ಲ. ಎಲ್ಲ ಕಣ್ಣೆದುರೇ ನಡೆಯುತ್ತೆ. ಆದರೂ ಮುಂದೇನು ಅಂತ ಹೇಳೋಕಾಗಲ್ಲ. ಹೀಗೇಕೆ ಅನ್ನೋದು ನನಗೆ ಅರ್ಥವಾಗಿದ್ದು ಮೂವತ್ತು ವರ್ಷ ಕಳೆದ ಮೇಲೆ. ಡೊಂಬಿವಲಿಯ ನಮ್ಮ ಮನೆಯಲ್ಲಿ ಅಣ್ಣನ ಮಗ ಗೋಡೆಗೆ ಅಂಥದ್ದೇ ಒಂದನ್ನು ಕಟ್ಟೋಕೆ ಹೊರಟಾಗ.

ಇಂಥ ಯಂತ್ರಗಳನ್ನು ಜಗತ್ತಿಗೆ ರೂಢಿ ಮಾಡಿಸಿದವರಲ್ಲಿ ದೊಡ್ಡ ಹೆಸರು ಅಮೆರಿಕದ ಜಾರ್ಜ್ ರೋಡ್ಸ್. 1926ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡರು. ಕಲಿತದ್ದು ಚಿತ್ರಕಲೆ, ಎಂಜಿನಿಯರಿಂಗ್ ಅಲ್ಲ. ಶಾಪಿಂಗ್ ಸೆಂಟರುಗಳನ್ನು ಕಟ್ಟಿಸುತ್ತಿದ್ದ ಡೇವಿಡ್ ಬರ್ಮಂಟ್ ಎಂಬ ಉದ್ಯಮಿಗೆ ಅಲುಗಾಡುವ ಕಲೆ ಅಂದರೆ ಹುಚ್ಚು. ಜನ ಮ್ಯೂಸಿಯಮ್ಮಿಗೆ ಬರದಿದ್ದರೆ ಕಲೆಯೇ ಜನ ಓಡಾಡುವ ಕಡೆ ಹೋಗಲಿ ಅನ್ನೋ ಲೆಕ್ಕ ಅವರದು. ಹಾಗಾಗಿ ರೋಡ್ಸ್ ಯಂತ್ರಗಳು ಮಾಲ್, ಏರ್‌ಪೋರ್ಟ್, ಬಸ್ ನಿಲ್ದಾಣಗಳಿಗೆ ಬಂದವು. ನ್ಯೂಯಾರ್ಕಿನ ಪೋರ್ಟ್ ಅಥಾರಿಟಿ ಬಸ್ ಟರ್ಮಿನಲ್ಲಿನದು 1983ರದು. ಬಾಸ್ಟನ್ನಿನ ವಿಮಾನ ನಿಲ್ದಾಣದಲ್ಲೂ ಒಂದಿದೆ. ಚೆಂಡಿನ ಯಂತ್ರಗಳಲ್ಲೇ ದೈತ್ಯ ಅಂತ ಹೆಸರಾದದ್ದು ಹಾಂಗ್‌ಕಾಂಗ್ ವಿಜ್ಞಾನ ಮ್ಯೂಸಿಯಮ್ಮಿನದು, 22 ಮೀಟರ್ ಎತ್ತರ. ಆ ಮ್ಯೂಸಿಯಂ ತೆರೆದದ್ದು 1991ರಲ್ಲಿ. ಜಾಗಗಳನ್ನು ಗಮನಿಸಿ. ಹೆಚ್ಚಿನವು ಜನ ಕಾಯುತ್ತಾ ನಿಲ್ಲುವ ಕಡೆಗಳು. ನಮ್ಮ ಕುರ್ಲಾ ಟರ್ಮಿನಸ್ಸಿನಲ್ಲಿ ಊರಿನ ಮತ್ಸ್ಯಗಂಧ ರೈಲಿಗೆ ಕಾಯುವಾಗ ಇಂಥದ್ದೊಂದು ಎದುರಿಗಿದ್ದಿದ್ದರೆ ನಮ್ಮೂರಿನ ಎಷ್ಟು ಮಕ್ಕಳು ಅಳು ನಿಲ್ಲಿಸುತ್ತಿದ್ದವೋ.

ಈಗ ಯಂತ್ರಕ್ಕೆ ಬರೋಣ.

ನನ್ನಪ್ಪ ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಅವರಿಂದ ಸಿಕ್ಕ ಹೋಲಿಕೆ ಇಲ್ಲಿ ಚೆನ್ನಾಗಿ ಹೊಂದುತ್ತೆ. ಗಲ್ಲಾದಲ್ಲಿ ದುಡ್ಡು ಕೊಟ್ಟು ಕೂಪನ್ ತಗೊಳ್ಳುತ್ತೀರಿ. ಆಮೇಲೆ ಇಡ್ಲಿ ಕೌಂಟರಿನಲ್ಲಿ ಒಂದು, ಕಾಫಿ ಕೌಂಟರಿನಲ್ಲಿ ಇನ್ನೊಂದು ಕೊಡುತ್ತಾ ಹೋಗುತ್ತೀರಿ. ಚೆಂಡಿನ ಯಂತ್ರದಲ್ಲಿ ಗಲ್ಲಾ ಅಂದರೆ ಚೈನಿನ ಲಿಫ್ಟು. ಮೋಟರ್ ಇರೋದು ಅಲ್ಲಿ ಮಾತ್ರ. ಕೆಲವು ಯಂತ್ರಗಳಲ್ಲಿ ಚೈನಿನ ಬದಲು ತಿರುಪಿನಂಥ ಸುರುಳಿ ಇರುತ್ತೆ, ಕೆಲಸ ಒಂದೇ. ಚೆಂಡು ಎಷ್ಟು ಮೇಲೆ ಹೋಯಿತೋ ಅಷ್ಟು ಕೂಪನ್ ಅದರ ಜೇಬಿನಲ್ಲಿ. ಆಮೇಲೆ ಹಳಿಯ ಮೇಲೆ ಓಡೋದಕ್ಕೆ, ಗಂಟೆ ಬಾರಿಸೋದಕ್ಕೆ, ಬುಟ್ಟಿ ಮಗುಚೋದಕ್ಕೆ ಅದರಿಂದಲೇ ಖರ್ಚು. ಕೆಳಗೆ ತಲುಪುವಾಗ ಜೇಬು ಖಾಲಿ.

ಕೂಪನ್ ಎಷ್ಟು ಅನ್ನೋದೂ ಸುಲಭದ ಲೆಕ್ಕ. ಬಿಲಿಯರ್ಡ್ಸ್ ಚೆಂಡಿನಷ್ಟು ಭಾರದ್ದು, ಅಂದರೆ ಸುಮಾರು 170 ಗ್ರಾಂ, 2.5 ಮೀಟರ್ ಮೇಲೆ ಹೋದರೆ ಅದಕ್ಕೆ ಸಿಗುವ ಶಕ್ತಿ 4 ಜೌಲ್ ಚಿಲ್ಲರೆ. ಮೂರು ಸೆಕೆಂಡಿಗೆ ಒಂದು ಚೆಂಡು ಹತ್ತುತ್ತಿದೆ ಅಂದುಕೊಳ್ಳಿ. ಹಾಗಾದರೆ ಆ ಗಲಾಟೆ, ಆ ಗಂಟೆ, ಆ ಓಟ ಎಲ್ಲಕ್ಕೂ ಸೇರಿ ಬೇಕಾದದ್ದು ಒಂದೂವರೆ ವ್ಯಾಟ್. ನಮ್ಮ ಅಡುಗೆಮನೆಯ ಎಲ್‌ಇಡಿ ಬಲ್ಬು 9 ವ್ಯಾಟಿನದು! ಮೋಟರ್ ಇದಕ್ಕಿಂತ ಜಾಸ್ತಿ ಕರೆಂಟು ತಿನ್ನುತ್ತೆ, ನಿಜ. ಅದರಲ್ಲಿ ಹೆಚ್ಚಿನದು ಚೈನು, ಗೇರುಗಳ ತಿಕ್ಕಾಟಕ್ಕೇ ಹೋಗುತ್ತೆ.

ಮೇಲೆತ್ತುವುದು ಕಷ್ಟವಲ್ಲ. ಕಷ್ಟ ಇರೋದು ಇಳಿಸುವುದರಲ್ಲಿ. 22 ಮೀಟರಿನಿಂದ ಚೆಂಡನ್ನು ಸುಮ್ನೆ ಕೈಬಿಟ್ಟರೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 75 ಕಿ.ಮೀ. ಆಸುಪಾಸು. ಎರಡು ಸೆಕೆಂಡಿನ ಸ್ವಲ್ಪ ಮೇಲೆ ಆಟ ಮುಗಿಯುತ್ತೆ. ನೋಡುವವನ ಕಣ್ಣು ಅದರ ಹಿಂದೆ ಹೋಗಬೇಕು, ನಿಮಿಷಗಟ್ಟಲೆ ಹೋಗಬೇಕು. ಅದಕ್ಕೇ ಘಾಟಿ ರಸ್ತೆಯ ಹಾಗೆ ಅಷ್ಟು ತಿರುವು. ಜೊತೆಗೆ ಇನ್ನೊಂದು ಉಪಾಯ ಇದೆ. ಅದು ಹಳಿಯ ಅಗಲದಲ್ಲೇ ಅಡಗಿದೆ, ಮತ್ತು ನನಗೆ ಇಡೀ ಯಂತ್ರದಲ್ಲಿ ತುಂಬ ಇಷ್ಟವಾದ ಭಾಗ ಅದೇ.

ಮಾಣಿ (ಅಣ್ಣನ ಮಗನನ್ನು ನಾನು ಕರೆಯೋದು ಹಾಗೆ, ನಮ್ಮ ಕುಂದಾಪುರದ ಕಡೆಯ ರೂಢಿ) ಲೋಹಾರ್ ಚಾಳಿನಿಂದ ವೈರಿಂಗಿನ ಕೇಸಿಂಗ್ ಪಟ್ಟಿ ತಂದಿದ್ದ. ನಾಗದೇವಿ ಬೀದಿಯಿಂದ ಬೇರಿಂಗಿನ ಸ್ಟೀಲ್ ಗೋಲಿ. ಅವನು ಅದನ್ನು ಗೋಟಿ ಅನ್ನುತ್ತಾನೆ. ಮನೆಯೊಳಗೆ ಗೋಲಿ, ಬೀದಿಯಲ್ಲಿ ಗೋಟಿ, ನಮ್ಮ ಕಾಲದಲ್ಲೂ ಹಾಗೇ ಇತ್ತು. ಮೊದಲ ದಿನವೇ ಒಂದು ವಿಚಿತ್ರ ಕಂಡ.

ಒಂದು ಇಳಿಜಾರಿಗೆ ಕೇಸಿಂಗ್ ಪಟ್ಟಿ ಇಟ್ಟಿದ್ದ, ತಳ ಸಪಾಟು. ಇನ್ನೊಂದಕ್ಕೆ ಎರಡು ಅಲ್ಯೂಮಿನಿಯಂ ಸರಳು, ನಡುವೆ ಸಂದು. ಎರಡೂ ಒಂದೇ ಎತ್ತರ, ಒಂದೇ ಉದ್ದ. ಆದರೆ ಸರಳಿನ ಮೇಲೆ ಗೋಲಿ ನಿಧಾನ. ಅಷ್ಟೇ ಅಲ್ಲ, ಸರಳು ಮುಗಿದು ಟೈಲ್ಸ್ ಮುಟ್ಟಿದ ಕೂಡಲೇ ಯಾರೋ ಹಿಂದಿನಿಂದ ದೂಡಿದ ಹಾಗೆ ಮುಂದಕ್ಕೆ ಚಿಮ್ಮುತ್ತಿತ್ತು.

“ಅತ್ತೆ, ಇದು ಮೋಸ ಮಾಡ್ತಿದೆ. ಇಳಿಜಾರು ಮುಗಿದ ಮೇಲೆ ಯಾಕೆ ಸ್ಪೀಡ್ ಆಗತ್ತೆ?”

ಮೋಸ ಏನೂ ಇಲ್ಲ. ಉರುಳುವ ಗೋಲಿ ತನ್ನ ಕೂಪನ್ನನ್ನು ಎರಡು ಕಡೆ ಖರ್ಚು ಮಾಡುತ್ತೆ. ಒಂದು ಪಾಲು ಮುಂದೆ ಹೋಗೋದಕ್ಕೆ, ಇನ್ನೊಂದು ಪಾಲು ತನ್ನ ಸುತ್ತ ತಾನೇ ತಿರುಗೋದಕ್ಕೆ. ಸಪಾಟು ನೆಲದ ಮೇಲೆ ಗಟ್ಟಿ ಗೋಲಿಯ ಲೆಕ್ಕ ಯಾವಾಗಲೂ ಒಂದೇ: ನೂರರಲ್ಲಿ ಸುಮಾರು 71 ಓಟಕ್ಕೆ, 29 ತಿರುಗಾಟಕ್ಕೆ. ಗೋಲಿ ದೊಡ್ಡದಿರಲಿ, ಸಣ್ಣದಿರಲಿ.

ಎರಡು ಸರಳಿನ ಮೇಲೆ ಇಟ್ಟಾಗ ಗೋಲಿ ಸಂದಿನಲ್ಲಿ ಸ್ವಲ್ಪ ಕೆಳಗೆ ಇಳಿದು ಕೂರುತ್ತೆ. ಸರಳು ತಾಗೋದು ಅದರ ಹೊಟ್ಟೆಯ ಬದಿಗಳಿಗೆ. ಅಂದರೆ ಉರುಳೋದು ಪೂರ್ತಿ ಗೋಲಿಯ ಅಳತೆಯಲ್ಲಲ್ಲ, ಇನ್ನೂ ಚಿಕ್ಕ ಚಕ್ರದ ಅಳತೆಯಲ್ಲಿ. ಮಕ್ಕಳ ಸೈಕಲ್ಲು ದೊಡ್ಡವರ ಸೈಕಲ್ಲಿನ ಜೊತೆ ಹೋಗಬೇಕಾದರೆ ಅದರ ಚಕ್ರ ಜಾಸ್ತಿ ಸುತ್ತು ಹೊಡೆಯಬೇಕು ಅಲ್ವಾ? ಹಾಗೆಯೇ. ಸಂದು ಅಗಲವಾದಷ್ಟೂ ಗೋಲಿ ಕೆಳಗೆ ಕೂರುತ್ತೆ, ತಿರುಗೋದು ಹೆಚ್ಚುತ್ತೆ, ಮುಂದೆ ಹೋಗೋದು ಕಡಿಮೆಯಾಗುತ್ತೆ. ಆ ಚಿಕ್ಕ ಚಕ್ರ ಗೋಲಿಯ ಅರ್ಧದಷ್ಟಾದರೆ ಓಟದ ಪಾಲು 71ರಿಂದ 38ಕ್ಕೆ ಇಳಿಯುತ್ತೆ.

ಇನ್ನು ಟೈಲ್ಸ್ ಮುಟ್ಟಿದಾಗ ಚಿಮ್ಮುವುದು. ಗೋಲಿ ಸರಳು ಬಿಡುವಾಗ ಬುಗುರಿಯ ಹಾಗೆ ಜೋರಾಗಿ ತಿರುಗುತ್ತಾ ಇರುತ್ತೆ. ಸಪಾಟು ನೆಲಕ್ಕೆ ಅಷ್ಟು ತಿರುಗಾಟ ಬೇಕಿಲ್ಲ. ಗೋಲಿ ನೆಲಕ್ಕೆ ಉಜ್ಜಿ, ಆ ಹೆಚ್ಚಿನ ತಿರುಗಾಟದಲ್ಲಿ ಒಂದಿಷ್ಟನ್ನು ಓಟಕ್ಕೆ ಬದಲಾಯಿಸಿಕೊಳ್ಳುತ್ತೆ. ಕಾಫಿ ಕೂಪನ್ ವಾಪಸ್ ಕೊಟ್ಟು ಇಡ್ಲಿ ತಗೊಂಡ ಹಾಗೆ. ಅಪ್ಪ ಇದಕ್ಕೆ ಖಂಡಿತ ಒಪ್ಪುತ್ತಿರಲಿಲ್ಲ, ಆ ಮಾತು ಬೇರೆ.

ಹಾಗಾಗಿ ಯಂತ್ರ ಕಟ್ಟುವವರ ಕೈಯಲ್ಲಿ ಹಳಿಯ ಸಂದು ಅನ್ನೋದು ಬ್ರೇಕೂ ಹೌದು, ಆಕ್ಸಿಲರೇಟರೂ ಹೌದು. ಸಂದನ್ನು ಸ್ವಲ್ಪ ಸ್ವಲ್ಪವೇ ಅಗಲ ಮಾಡಿದರೆ ಇಳಿಜಾರಿನಲ್ಲೂ ಚೆಂಡು ಸೋಮಾರಿಯಾಗುತ್ತೆ. ಕಿರಿದು ಮಾಡಿದರೆ ಇದ್ದಕ್ಕಿದ್ದ ಹಾಗೆ ಓಡುತ್ತೆ. ನೋಡುವವರಿಗೆ ಚೆಂಡಿಗೇ ಮನಸ್ಸಿದೆ ಅನಿಸುತ್ತೆ.

ಲೂಪಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಚೆಂಡು ತಲೆಕೆಳಗಾಗಿ ಒಂದು ಸುತ್ತು ಹಾಕಿ ಬರಬೇಕಾದರೆ ಲೂಪಿನಷ್ಟೇ ಎತ್ತರದಿಂದ ಬಿಟ್ಟರೆ ಸಾಲದು. ಅಷ್ಟಕ್ಕೇ ಬಿಟ್ಟರೆ ಮೇಲೆ ತಲುಪುವ ಮೊದಲೇ ವೇಗ ಸಾಲದೆ ಹಳಿ ಬಿಟ್ಟು ಕೆಳಗೆ ಬೀಳುತ್ತೆ. ಮೇಲೆ ಹಳಿಗೆ ಅಂಟಿಕೊಂಡಿರುವಷ್ಟು ವೇಗ ಉಳಿದಿರಬೇಕು. ಸಪಾಟು ಹಳಿಯಲ್ಲಿ ಉರುಳುವ ಗಟ್ಟಿ ಗೋಲಿಗೆ ಕನಿಷ್ಠ ಎತ್ತರ ಲೂಪಿನ ತ್ರಿಜ್ಯದ 2.7 ಪಟ್ಟು. 20 ಸೆಂ.ಮೀ. ಎತ್ತರದ ಲೂಪಿಗೆ 27 ಸೆಂ.ಮೀ. ಇದು ಪುಸ್ತಕದ ಲೆಕ್ಕ. ಗಾರೆ ಕೆಲಸದವರ ಲೆವೆಲ್ ಪೈಪ್ ಸುತ್ತಿ ಮಾಡಿದ ಮಾಣಿಯ ಲೂಪಿಗೆ 36 ಸೆಂ.ಮೀ. ಬೇಕಾಯಿತು. ಉಳಿದ 9 ಸೆಂ.ಮೀ. ತಿಕ್ಕಾಟದ ಟ್ಯಾಕ್ಸು.

ಈಗ ನನ್ನ ಪೆಪ್ಪರಮಿಂಟಿನ ವಿಷಯಕ್ಕೆ ಬರುತ್ತೇನೆ.

ಲೋಕಲ್ ಟ್ರೇನಿನ ಹಳಿಯಲ್ಲಿ ಕವಲು ಬಂದರೆ ಅಲ್ಲಿ ಪಾಯಿಂಟ್ಸ್ ಇರುತ್ತೆ. ಕ್ಯಾಬಿನ್ನಿನಲ್ಲಿ ಕೂತ ಯಾರೋ ಅದನ್ನು ಆ ಕಡೆ ಈ ಕಡೆ ತಿರುಗಿಸುತ್ತಾರೆ. ಚೆಂಡಿನ ಯಂತ್ರದಲ್ಲಿ ಕ್ಯಾಬಿನ್ ಇಲ್ಲ. ಚೆಂಡೇ ಪಾಯಿಂಟ್ಸ್ ತಿರುಗಿಸಿಕೊಂಡು ಹೋಗುತ್ತೆ. ಕವಲಿನಲ್ಲಿ ಏತದ ಹಾಗೆ ಓಲಾಡುವ ಒಂದು ತುಂಡು ಇರುತ್ತೆ. ಎಡಕ್ಕೆ ದಾರಿ ಕೊಟ್ಟಿದ್ದಾಗ ಚೆಂಡು ಬಂದರೆ, ಎಡಕ್ಕೆ ಹೋಗುವಾಗ ತನ್ನ ಭಾರದಿಂದ ಅದನ್ನು ಬಲಕ್ಕೆ ಬೀಳಿಸುತ್ತೆ. ಮುಂದಿನ ಚೆಂಡು ಬಲಕ್ಕೆ. ಅದು ಮತ್ತೆ ಎಡಕ್ಕೆ ಬೀಳಿಸಿ ಹೋಗುತ್ತೆ. ಒಂದು ಬಿಟ್ಟು ಒಂದು.

ಈ ಕಬ್ಬಿಣದ ತುಂಡು ಒಂದು ವಿಷಯವನ್ನು ನೆನಪಿಟ್ಟುಕೊಂಡಿದೆ: ಹಿಂದಿನವನು ಯಾವ ಕಡೆ ಹೋದ? ಕಂಪ್ಯೂಟರಿನ ಒಳಗೆ ಇಂಥದ್ದೇ ಕೆಲಸವನ್ನು ವಿದ್ಯುತ್ತಿನಿಂದ ಮಾಡುವ ಕೋಟಿಗಟ್ಟಲೆ ತುಂಡುಗಳಿವೆ. ಇಂಥ ಮೂರನ್ನು ಒಂದರ ಕೆಳಗೊಂದು, ಒಂದೇ ಬದಿಗೆ ಜೋಡಿಸಿ. ಮೊದಲನೆಯದು ಎರಡಕ್ಕೊಂದು ಚೆಂಡನ್ನು ಕೆಳಗೆ ಬಿಡುತ್ತೆ, ಎರಡನೆಯದು ನಾಲ್ಕಕ್ಕೊಂದು, ಮೂರನೆಯದು ಎಂಟಕ್ಕೊಂದು. ಅಂದರೆ ಎಂಟನೇ ಚೆಂಡಿಗೆ ಮಾತ್ರ ದೊಡ್ಡ ಗಂಟೆ. ಯಾರೂ ಎಣಿಸದೆ ಎಣಿಕೆ ನಡೆಯುತ್ತೆ.

ಹಾಗಿದ್ದರೆ ಒಂದು ಬಿಟ್ಟು ಒಂದು ಅಂತ ನಾವು ಐದನೇ ಕ್ಲಾಸಿನವರು ಕಂಡುಹಿಡಿಯಬೇಕಿತ್ತಲ್ಲ? ಕವಲು ಒಂದೇ ಇದ್ದಿದ್ದರೆ ಖಂಡಿತ ಹಿಡಿಯುತ್ತಿದ್ದೆವು. ಇಲ್ಲಿ ಬುಟ್ಟಿಗಳು ನುಗ್ಗುತ್ತವೆ. ಮೂರು ಚೆಂಡು ಬೀಳುವವರೆಗೆ ಸುಮ್ಮನಿದ್ದು, ಮೂರನೆಯದಕ್ಕೆ ತಲೆಭಾರವಾಗಿ ಮಗುಚಿಕೊಂಡು ಮೂರನ್ನೂ ಒಟ್ಟಿಗೆ ಸುರಿಯುವ ಬುಟ್ಟಿ. ಎರಡರ ಕವಲಿಗೆ ಮೂರರ ಬುಟ್ಟಿ ಸೇರಿದರೆ ಆಟ ಮೊದಲಿನಿಂದ ಶುರುವಾಗೋದು ಆರು ಚೆಂಡಿಗೊಮ್ಮೆ. ಐದರ ಬುಟ್ಟಿ ಸೇರಿಸಿ, ಮೂವತ್ತಕ್ಕೊಮ್ಮೆ. ಏಳರದ್ದೂ ಬಂದರೆ 210. ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತ ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ಇದೇ! ಮೂರು ಸೆಕೆಂಡಿಗೊಂದು ಚೆಂಡು ಅಂದರೆ 210 ಚೆಂಡಿಗೆ ಹತ್ತೂವರೆ ನಿಮಿಷ. ಹತ್ತೂವರೆ ನಿಮಿಷ ಒಂದೇ ಕಡೆ ನಿಂತು, ಎಲ್ಲವನ್ನೂ ನೆನಪಿಟ್ಟುಕೊಂಡು, ಆಮೇಲೆ ಅದೇ ಸಾಲು ಮತ್ತೆ ಬಂತು ಅಂತ ಗುರುತಿಸುವ ಮಗು ಯಾವುದು? ಅಷ್ಟರೊಳಗೆ ಮೇಷ್ಟ್ರು ಕಿವಿ ಹಿಡಿದು ಮುಂದಿನ ಸ್ಟಾಲಿಗೆ ಎಳೆದಿರುತ್ತಾರೆ.

ಇದೂ ಸಾಲದು ಅಂತ ಮೊಳೆಗಳ ಹಲಗೆ ಇರುತ್ತೆ. ಜಾತ್ರೆಯಲ್ಲಿ, ಆಟಿಕೆ ಅಂಗಡಿಯಲ್ಲಿ ಸಿಗುತ್ತಿದ್ದ ಬ್ಯಾಗಟೆಲ್ ಬೋರ್ಡು ನೆನಪಿದೆಯಾ? ಗೋಲಿ ಮೊಳೆಗೆ ಹೊಡೆದು, ಇನ್ನೊಂದಕ್ಕೆ ಹೊಡೆದು, ಎಲ್ಲೋ ಹೋಗಿ ಬೀಳುತ್ತೆ. ಬುಟ್ಟಿ, ಕವಲುಗಳ ಲೆಕ್ಕ ಕಷ್ಟವಾದರೂ ಲೆಕ್ಕವೇ. ಮೊಳೆಯ ಕತೆ ಬೇರೆ. ಮೊದಲ ಮೊಳೆಗೆ ಚೆಂಡು ಕೂದಲೆಳೆಯಷ್ಟು ಎಡಕ್ಕೆ ತಾಗಿದರೆ ಎರಡನೇ ಮೊಳೆಯ ಹೊತ್ತಿಗೆ ಆ ವ್ಯತ್ಯಾಸ ಉಗುರಿನಷ್ಟಾಗಿರುತ್ತೆ, ಮೂರನೆಯದರ ಹೊತ್ತಿಗೆ ದಾರಿಯೇ ಬೇರೆ. ಚೆಂಡಿನ ಮೇಲಿನ ಒಂದು ಗೀರು ಸಾಕು, ಒಂದು ಚಿಟಿಕೆ ಧೂಳು ಸಾಕು. ನಿಯಮ ಮುರಿದಿಲ್ಲ. ಆದರೆ ಮುಂದಿನದು ಹೇಳಬೇಕಾದರೆ ಆ ಗೀರು, ಆ ಧೂಳು ಎಲ್ಲ ಗೊತ್ತಿರಬೇಕು. ಹಲಗೆಯಿಂದ ಹೊರಬಿದ್ದ ಚೆಂಡು ಮುಂದೆ ಯಾವ ಬುಟ್ಟಿಗೆ ಹೋಗುತ್ತೆ ಅನ್ನೋದೂ ಅಲ್ಲಿಂದ ಬದಲಾಗುತ್ತೆ. ಅಚ್ಚುಕಟ್ಟಾದ ಲೆಕ್ಕದೊಳಗೆ ಆಕಸ್ಮಿಕವನ್ನು ಹೀಗೆ ಒಂದು ಚಮಚ ಸೇರಿಸುತ್ತಾರೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಇಡೀ ಪಾತ್ರೆಗೆ ಅಷ್ಟು ಸಾಕು. ನಾನು ಕಟ್ಟಿದ ಪಂಥ ಆ ದಿನ ಯಾವ ಮೇಧಾವಿ ಕಟ್ಟಿದ್ದರೂ ಸೋಲುತ್ತಿದ್ದ.

ಶಬ್ದದಲ್ಲೂ ಒಂದು ಗುಟ್ಟಿದೆ. ಚೆಂಡು ಬಿದ್ದಾಗ ಹಾಡುವ ಲೋಹದ ಪಟ್ಟಿಗಳನ್ನು ಎಲ್ಲಿ ಆಧಾರ ಕೊಟ್ಟು ಕೂರಿಸಬೇಕು? ತುದಿಯಲ್ಲಿ ಹಿಡಿದರೆ ಟಪ್ ಅಂತ ಸಾಯುತ್ತೆ, ನಡುವೆ ಹಿಡಿದರೂ ಅಷ್ಟೇ. ಪಟ್ಟಿ ನಡುಗುವಾಗ ನಡುಭಾಗವೂ ತುದಿಗಳೂ ಕುಣಿಯುತ್ತವೆ, ಆದರೆ ಎರಡು ಜಾಗ ಅಲುಗೋದೇ ಇಲ್ಲ. ಪ್ರತಿ ತುದಿಯಿಂದ ಉದ್ದದ 22.4 ಶೇಕಡಾ ಒಳಗೆ. 30 ಸೆಂ.ಮೀ. ಪಟ್ಟಿಗೆ 6.7 ಸೆಂ.ಮೀ. ಮಾಣಿ ಒಂದು ಹಳೇ ಪರದೆ ಪೈಪಿನ ತುಂಡಿಗೆ ಸರಿಯಾಗಿ ಅಲ್ಲಿ ದಾರ ಕಟ್ಟಿ ಗೋಲಿ ಬೀಳಿಸಿದ. ಅಡುಗೆಮನೆಯಿಂದ ಅತ್ತಿಗೆ “ಬಾಗಿಲು ನೋಡು, ಯಾರೋ ಬೆಲ್ ಮಾಡಿದ್ರು” ಅಂದರು.

ಈ ಹುಚ್ಚು ಹೊಸದೇನಲ್ಲ. 1206ರ ಹೊತ್ತಿಗೆ ಅಲ್ ಜಜರಿ ಎಂಬ ಯಂತ್ರಗಾರ ವಿವರಿಸಿದ ಆನೆ ಗಡಿಯಾರದಲ್ಲಿ ಅರ್ಧ ಗಂಟೆಗೊಮ್ಮೆ ಗಿಡುಗದ ಕೊಕ್ಕಿನಿಂದ ಚೆಂಡು ಹಾವಿನ ಬಾಯಿಗೆ ಬೀಳುತ್ತಿತ್ತು, ಅದರ ಭಾರಕ್ಕೆ ಹಾವು ಬಾಗುತ್ತಿತ್ತು, ಮಾವುತ ಬಡಿಯುತ್ತಿದ್ದ. ಇಂಗ್ಲೆಂಡಿನ ವಿಲಿಯಂ ಕಾಂಗ್ರೀವ್ 1808ರಲ್ಲಿ ಪೇಟೆಂಟ್ ಪಡೆದ ಗಡಿಯಾರದಲ್ಲಿ ಪುಟ್ಟ ಚೆಂಡೊಂದು ತಟ್ಟೆಯ ಮೇಲೆ ಅಂಕುಡೊಂಕಾಗಿ ಓಡಿ ತುದಿಯ ಸನ್ನೆಗೆ ಹೊಡೆಯುತ್ತೆ, ತಟ್ಟೆ ಆಚೆ ಕಡೆಗೆ ವಾಲುತ್ತೆ, ಚೆಂಡು ವಾಪಸ್ ಹೊರಡುತ್ತೆ. ನೋಡೋಕೆ ಬಲು ಚಂದ, ಸಮಯ ಹೇಳೋಕೆ ಅಷ್ಟಕ್ಕಷ್ಟೇ. ಕಾರಣ ಮುಖ್ಯವಾಗಿ ಧೂಳು. ಹಳಿಯಲ್ಲಿ ಧೂಳು ಕೂತರೆ ಚೆಂಡು ತಡವಾಗುತ್ತೆ, ಗಡಿಯಾರ ಹಿಂದೆ ಬೀಳುತ್ತೆ.

ಧೂಳಿನ ವಿಷಯಕ್ಕೆ ಡೊಂಬಿವಲಿಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅದರ ಜೊತೆ ಜೂನ್ ಬಂತು. ಮಳೆ ಶುರುವಾಗಿ ಎರಡು ವಾರಕ್ಕೆ ಬೇರಿಂಗ್ ಗೋಲಿಗಳಿಗೆ ಕಂದು ಚುಕ್ಕಿ ಬಿತ್ತು. ಬೇರಿಂಗಿನ ಉಕ್ಕು ಗಟ್ಟಿ, ಆದರೆ ತುಕ್ಕಿಗೆ ಹೆದರುತ್ತೆ. ಚುಕ್ಕಿ ಬಿದ್ದ ಗೋಲಿ ಮೂರನೇ ತಿರುವಿನಲ್ಲಿ ನಿಲ್ಲತೊಡಗಿತು. ಒಂದು ನಿಂತರೆ ಹಿಂದಿನದು ಬಂದು ಕೂರುತ್ತೆ, ಅದರ ಹಿಂದೆ ಇನ್ನೊಂದು, ಬೆಳಗಿನ ಫಾಸ್ಟ್ ಲೋಕಲ್ ಕೈಕೊಟ್ಟಾಗಿನ ಹಾಗೆ. ದೊಡ್ಡ ಯಂತ್ರಗಳಿಗೂ ಇದೇ ಕಾಯಿಲೆ. ಚೆಂಡು ಸಾವಿರಾರು ಸಲ ಒಂದೇ ಜಾಗಕ್ಕೆ ಬಿದ್ದು ಹಳಿ ಸವೆಯುತ್ತೆ, ಸಂದು ಒಂದು ಕೂದಲು ಅಗಲವಾಗುತ್ತೆ, ಬೆಸುಗೆ ಬಿಡುತ್ತೆ. ನೋಡಿಕೊಳ್ಳುವವರಿಲ್ಲದ ಯಂತ್ರ ಹೆಚ್ಚು ದಿನ ಓಡಲ್ಲ. ಪೆಂಡಾಲಿನ ಸ್ಟೂಲಿನ ಮೇಲಿದ್ದ ಆ ಮನುಷ್ಯನನ್ನು ನಾನು ಆಗ ಯಂತ್ರದ ಪಕ್ಕದವನು ಅಂದುಕೊಂಡಿದ್ದೆ.

ಮಾಣಿ ಗೋಲಿಗಳನ್ನು ಒರೆಸಿದ, ತೆಂಗಿನೆಣ್ಣೆ ಸವರಿದ. ಎಣ್ಣೆಗೆ ಧೂಳು ಅಂಟಿ ಇನ್ನೂ ಹಾಳಾಯಿತು. ಆಮೇಲೆ ಸ್ಟೇನ್‌ಲೆಸ್ ಗೋಲಿ ತಂದ, ಬೆಲೆ ಕೇಳಿ ಅಣ್ಣ ಮುಖ ಗಂಟು ಹಾಕಿದ. ಅದೂ ಆಗೊಮ್ಮೆ ಈಗೊಮ್ಮೆ ಮೂರನೇ ತಿರುವಿನಲ್ಲಿ ನಿಲ್ಲುತ್ತೆ. ಈಗ ಗೋಡೆಯ ಮೇಲೆ ಯಂತ್ರದ ಪಕ್ಕ ಒಂದು ಮೊಳೆ ಇದೆ. ಅದಕ್ಕೆ ದಾರ ಕಟ್ಟಿ ಒಂದು ಹಿಡಿಸೂಡಿ ಕಡ್ಡಿ ತೂಗುಹಾಕಿದ್ದಾನೆ. ಮನೆಗೆ ಬಂದ ಮಕ್ಕಳೆಲ್ಲ ಮೊದಲು ಕೈ ಹಾಕೋದು ಆ ಕಡ್ಡಿಗೇ.